ಕಣ್ಣು ಪುಸ್ತಕಕ್ಕೆ, ಕೈ ಉಲ್ಲನ್ನಿಗೆ: ಓದು, ಹೆಣಿಗೆ ಎರಡನ್ನೂ ನಡೆಸುವುದು ಹೇಗೆ?

ಓದುವ ಹುಚ್ಚು, ಹೆಣೆಯುವ ಹುಚ್ಚು ಎರಡೂ ಹತ್ತಿದವರ ದೂರು ಒಂದೇ: ಟೈಮ್ ಸಾಲುವುದಿಲ್ಲ. ಪುಸ್ತಕ ಹಿಡಿದರೆ ಅರ್ಧಕ್ಕೆ ನಿಂತ ಸ್ವೆಟರ್ ಬುಟ್ಟಿಯಿಂದ ಇಣುಕುತ್ತದೆ. ಕಡ್ಡಿ ಹಿಡಿದರೆ ಕಾದಂಬರಿಯ ಮುಂದಿನ ಅಧ್ಯಾಯ ಕರೆಯುತ್ತದೆ. ದಿನಕ್ಕೆ ಗಂಟೆ ಹೆಚ್ಚಿಸುವ ಉಪಾಯ ನನ್ನ ಹತ್ತಿರ ಇಲ್ಲ. ಆದರೆ ಸ್ವಲ್ಪ ಗಮನಿಸಿ ನೋಡಿ. ಓದಿಗೆ ಬೇಕಾದದ್ದು ಕಣ್ಣು, ಹೆಣಿಗೆಗೆ ಬೇಕಾದದ್ದು ಕೈ. ಎರಡೂ ಒಂದೇ ಸಲ ಕಣ್ಣನ್ನು ಕೇಳಿದಾಗ ಮಾತ್ರ ತಕರಾರು. ಆ ತಕರಾರನ್ನು ಕಡಿಮೆ ಮಾಡಿಕೊಳ್ಳುವ ಕ್ರಮ ಹೀಗಿದೆ.

ಮೊದಲ ಹೆಜ್ಜೆ: ಕೆಲಸಗಳನ್ನು ಬೇರೆ ಮಾಡಿ

ಎಲ್ಲ ಹೆಣಿಗೆಯೂ ಒಂದೇ ಅಲ್ಲ. ನಿಮ್ಮ ಬುಟ್ಟಿಯಲ್ಲಿ ಇರುವುದನ್ನು ಹೊರಗೆ ತೆಗೆದು ಮೂರು ಗುಂಪು ಮಾಡಿ.

ಕಣ್ಣು ಬೇಡದ್ದು: ಪ್ರತಿ ಸಾಲೂ ಸೀದಾ ಹೆಣೆಯುವ ಗಾರ್ಟರ್ ಮಫ್ಲರ್, ಸರ್ಕ್ಯುಲರ್ ಕಡ್ಡಿಯಲ್ಲಿ (ನಡುವೆ ಬಾಗುವ ತಂತಿಯಿಂದ ಜೋಡಿಸಿದ ಎರಡು ಕಡ್ಡಿ) ಸುತ್ತ ಸುತ್ತ ಹೋಗುವ ಟೋಪಿ, ಮಗುವಿಗೆ ಹೊದಿಸುವ ಸಾದಾ ಹೊದಿಕೆ.

ಆಗಾಗ ಕಣ್ಣು ಬೇಕಾದದ್ದು: ಎರಡು ಸೀದಾ ಎರಡು ಉಲ್ಟಾ ಬರುವ ರಿಬ್, ಸ್ವೆಟರಿನ ತೋಳಿನಲ್ಲಿ ಐದಾರು ಸಾಲಿಗೊಮ್ಮೆ ಹೊಲಿಗೆ, ಅಂದರೆ ಕಡ್ಡಿಯ ಮೇಲಿನ ಕುಣಿಕೆ, ಹೆಚ್ಚಿಸುವುದು.

ಪೂರ್ತಿ ಕಣ್ಣು ಬೇಕಾದದ್ದು: ಜಡೆ ಹೆಣೆದಂತೆ ಬರುವ ಕೇಬಲ್, ತೂತು ತೂತಿನ ಲೇಸ್, ಕುತ್ತಿಗೆ ಮತ್ತು ಕಂಕುಳ ಹತ್ತಿರ ಹೊಲಿಗೆ ಹೆಚ್ಚುಕಡಿಮೆ ಮಾಡಿ ಆಕಾರ ಕೊಡುವ ಶೇಪಿಂಗ್. ಹೊಲಿಗೆ ಹಾಕಿಕೊಳ್ಳುವ ಮೊದಲ ಸಾಲೂ ಇದೇ ಗುಂಪಿಗೆ ಸೇರುತ್ತದೆ. ಕ್ರೋಶಾ ಹಾಕುವವರ ಬಹುಪಾಲು ಕೆಲಸವೂ ಇಲ್ಲೇ ಬರುತ್ತದೆ, ಯಾಕೆಂದರೆ ಕೊಕ್ಕೆ ಯಾವ ತೂತಿಗೆ ಹೋಗಬೇಕು ಎಂದು ಪ್ರತಿ ಸಲ ಹುಡುಕಬೇಕು. ಅವರಿಗೆ ಕೆಳಗೆ ಬರುವ ಕಿವಿಯ ದಾರಿಯೇ ಸರಿ.

ಪುಸ್ತಕಗಳನ್ನೂ ಹೀಗೇ ವಿಂಗಡಿಸಿ. ಪತ್ತೇದಾರಿ ಕಥೆ, ಪ್ರವಾಸ ಕಥನ, ಹರಟೆ, ಮೊದಲೇ ಒಮ್ಮೆ ಓದಿದ ಕಾದಂಬರಿ, ಇವು ಹೆಣಿಗೆಯ ಜೊತೆ ಚೆನ್ನಾಗಿ ನಡೆಯುತ್ತವೆ. ಇತಿಹಾಸ, ವಿಮರ್ಶೆ, ಹತ್ತು ಪಾತ್ರಗಳ ಹೆಸರು ನೆನಪಿಡಬೇಕಾದ ದೊಡ್ಡ ಕಾದಂಬರಿ ನಡೆಯುವುದಿಲ್ಲ. ಕವಿತೆಯ ವಿಷಯದಲ್ಲಂತೂ ನನ್ನದು ಹಟ: ಕೈಯಲ್ಲಿ ಕಡ್ಡಿ ಇಟ್ಟುಕೊಂಡು ಕವಿತೆ ಓದಬೇಡಿ. ಸಾಲು ಮುಗಿಸುವ ಅವಸರದಲ್ಲಿ ಕವಿತೆಯ ಸಾಲು ಕೆಡುತ್ತದೆ.

ಇಷ್ಟಾದ ಮೇಲೆ ಒಂದೇ ನಿಯಮ. ಒಂದು ಸಲಕ್ಕೆ ಎರಡರಲ್ಲಿ ಒಂದು ಮಾತ್ರ ಕಷ್ಟದ್ದಾಗಿರಬಹುದು. ಎರಡೂ ಕಷ್ಟದ್ದಾದರೆ ಒಂದನ್ನು ಪಕ್ಕಕ್ಕಿಡಿ.

ಎರಡನೇ ಹೆಜ್ಜೆ: ನೋಡದೆ ಹೆಣೆಯುವುದನ್ನು ಕಲಿಯಿರಿ

ದೇವಸ್ಥಾನದ ಮುಂದೆ ಹೂ ಕಟ್ಟುವವರನ್ನು ನೋಡಿದ್ದೀರಲ್ಲ? ಗಿರಾಕಿಯ ಜೊತೆ ಮಾತು, ಚಿಲ್ಲರೆ ಲೆಕ್ಕ, ಕೈ ಮಾತ್ರ ತನ್ನಷ್ಟಕ್ಕೆ ಮೊಗ್ಗು ಜೋಡಿಸಿ ಗಂಟು ಹಾಕುತ್ತಲೇ ಇರುತ್ತದೆ. ಹೆಣಿಗೆಯೂ ಆ ಹದಕ್ಕೆ ಬರುತ್ತದೆ. ಸ್ಕಾಟ್ಲೆಂಡಿನ ಶೆಟ್ಲಂಡ್ ದ್ವೀಪಗಳ ಹೆಂಗಸರು ಬೆನ್ನ ಮೇಲೆ ಉರುವಲಿನ ಬುಟ್ಟಿ ಹೊತ್ತು ನಡೆಯುತ್ತಲೇ ಹೆಣೆಯುತ್ತಿದ್ದರು. ಸೊಂಟಕ್ಕೆ ತೂತುಗಳಿರುವ ಒಂದು ಚರ್ಮದ ಪಟ್ಟಿ ಕಟ್ಟಿ, ಒಂದು ಕಡ್ಡಿಯ ತುದಿಯನ್ನು ಅದಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಕಣ್ಣು ದಾರಿಯ ಮೇಲೆ, ಕೈ ಉಲ್ಲನ್ನಿನ ಮೇಲೆ.

ಅಭ್ಯಾಸಕ್ಕೆ ತಿಳಿ ಬಣ್ಣದ, ನಯವಾದ, ಸ್ವಲ್ಪ ದಪ್ಪನೆಯ ಉಲ್ಲನ್ ತೆಗೆದುಕೊಳ್ಳಿ. ಕೂದಲು ಕೂದಲಾಗಿ ಇರುವ ಮೊಹೇರ್ ಥರದ್ದು ಬೇಡ. ಅದರಲ್ಲಿ ಹೊಲಿಗೆ ಬೆರಳಿಗೆ ಸಿಗುವುದಿಲ್ಲ. ಕಡ್ಡಿ 8ನೇ ನಂಬರಿನದು, ಅಂದರೆ 4 ಎಂ.ಎಂ., ಅಥವಾ 6ನೇ ನಂಬರಿನದು, ಅಂದರೆ 5 ಎಂ.ಎಂ. ಇರಲಿ. ನಮ್ಮ ಅಂಗಡಿಗಳಲ್ಲಿ ಇನ್ನೂ ಬ್ರಿಟನ್ನಿನ ಹಳೆಯ ನಂಬರೇ ನಡೆಯುತ್ತದೆ, ಮತ್ತು ನಂಬರು ದೊಡ್ಡದಾದಷ್ಟೂ ಕಡ್ಡಿ ಸಣ್ಣದಾಗುತ್ತದೆ. ಹೊಸಬರು ಇದರಲ್ಲಿ ಎಡವುವುದು ಜಾಸ್ತಿ. ಅಲ್ಯೂಮಿನಿಯಂ ಕಡ್ಡಿಗಿಂತ ಬಿದಿರಿನ ಕಡ್ಡಿ ಒಳ್ಳೆಯದು. ಹೊಲಿಗೆ ಬೇಗ ಜಾರುವುದಿಲ್ಲ, ಟಿಕ್ ಟಿಕ್ ಸದ್ದೂ ಇಲ್ಲ.

ಕಡ್ಡಿಗೆ 40 ಹೊಲಿಗೆ ಹಾಕಿಕೊಂಡು ಬರೀ ಸೀದಾ ಹೆಣೆಯಿರಿ. ಮೊದಲು ನೋಡಿಕೊಂಡು ಒಂದಷ್ಟು ಸಾಲು. ಆಮೇಲೆ ಒಂದು ಸಾಲು ನೋಡಿ, ಒಂದು ಸಾಲು ಕಣ್ಣು ಮುಚ್ಚಿ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು ಮುಂದಿನ ಹೊಲಿಗೆಯನ್ನು ಕಡ್ಡಿಯ ತುದಿಯತ್ತ ಒಂದೊಂದಾಗಿ ತಳ್ಳುತ್ತಿರಬೇಕು. ಗುಟ್ಟು ಇರುವುದು ಇಲ್ಲೇ. ಹೊಲಿಗೆ ತುದಿಯಿಂದ ದೂರ ಇದ್ದರೆ ಬಲಗೈ ಕಡ್ಡಿ ತಡಕಾಡುತ್ತದೆ. ಹೊಲಿಗೆ ಜಾರಿದರೆ ಬೆರಳಿಗೆ ಗೊತ್ತಾಗುತ್ತದೆ, ಅಲ್ಲಿ ನೂಲು ಸಡಿಲವಾಗಿ ಏಣಿಯಂತೆ ಸಿಗುತ್ತದೆ. ಆಗ ಎಳೆಯಬೇಡಿ, ಕಣ್ಣು ತೆರೆದು ಕ್ರೋಶಾ ಕೊಕ್ಕೆಯಿಂದ ಎತ್ತಿಕೊಳ್ಳಿ.

ಸೀದಾ ಪಳಗಿದ ಮೇಲೆ ಉಲ್ಟಾ. ಉಲ್ಟಾ ಹೊಲಿಗೆಯ ಬುಡದಲ್ಲಿ ಒಂದು ಸಣ್ಣ ಉಬ್ಬು ಇರುತ್ತದೆ, ಸೀದಾದಲ್ಲಿ ಇರುವುದಿಲ್ಲ. ಹೆಬ್ಬೆರಳು ಆ ಉಬ್ಬನ್ನು ಗುರುತಿಸತೊಡಗಿದರೆ ರಿಬ್ಬನ್ನೂ ನೋಡದೆ ಹೆಣೆಯಬಹುದು. ಪುಸ್ತಕ ಈಗಲೇ ಬೇಡ. ಮೊದಲು ಟಿವಿ ನೋಡುತ್ತಾ ಅಭ್ಯಾಸ ಮಾಡಿ, ಧಾರಾವಾಹಿಯಲ್ಲಿ ಒಂದೆರಡು ಮಾತು ತಪ್ಪಿದರೆ ನಷ್ಟವೇನಿಲ್ಲ ಅಲ್ವಾ?

ಮೂರನೇ ಹೆಜ್ಜೆ: ಓದಿಗೆ ಜೋಡಿಯಾಗುವ ಒಂದು ಟೋಪಿ

ಓದುತ್ತಾ ಹೆಣೆಯಲು ಮಫ್ಲರ್ ಸುಲಭ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಆಯ್ಕೆ ಟೋಪಿ. ಮಫ್ಲರಿನಲ್ಲಿ ಪ್ರತಿ ಸಾಲಿನ ಕೊನೆಗೂ ಕೆಲಸ ತಿರುಗಿಸಬೇಕು. ಟೋಪಿಯಲ್ಲಿ ತಿರುಗಿಸುವುದೇ ಇಲ್ಲ, ಸುತ್ತ ಹೋಗುತ್ತಿದ್ದರೆ ಸಾಕು. ಮೇಲಾಗಿ ಸುತ್ತಿನಲ್ಲಿ ಹೆಣೆಯುವಾಗ ಬರೀ ಸೀದಾ ಹಾಕಿದರೇ ಹೊರಮೈ ನಯವಾಗಿ ಬರುತ್ತದೆ, ಉಲ್ಟಾ ಸಾಲಿನ ಗೊಡವೆ ಇಲ್ಲ.

ಲೆಕ್ಕ ಹೀಗೆ. 4 ಎಂ.ಎಂ. ಕಡ್ಡಿಯಲ್ಲಿ 10 ಸೆಂ.ಮೀ.ಗೆ 22 ಹೊಲಿಗೆ ಬರುವ ಉಲ್ಲನ್ ತೆಗೆದುಕೊಳ್ಳಿ, 100 ಗ್ರಾಂ ಸಾಕು. ದೊಡ್ಡವರ ತಲೆಯ ಸುತ್ತಳತೆ ಸುಮಾರು 56 ಸೆಂ.ಮೀ. ಟೋಪಿ ಬಿಗಿಯಾಗಿ ಕೂರಲು ಅದಕ್ಕಿಂತ ಸ್ವಲ್ಪ ಚಿಕ್ಕದಿರಬೇಕು, 51 ಸೆಂ.ಮೀ. ಇಟ್ಟುಕೊಳ್ಳಿ. ಸೆಂ.ಮೀ.ಗೆ 2.2 ಹೊಲಿಗೆಯಂತೆ 112 ಹೊಲಿಗೆ. ರಿಬ್ಬಿಗೆ 4ರಿಂದ ಭಾಗವಾಗಬೇಕು, ನೆತ್ತಿಗೆ 8ರಿಂದ ಭಾಗವಾಗಬೇಕು. 112 ಎರಡಕ್ಕೂ ಸರಿಹೋಗುತ್ತದೆ.

40 ಸೆಂ.ಮೀ. ಉದ್ದದ ಸರ್ಕ್ಯುಲರ್ ಕಡ್ಡಿಗೆ 112 ಹೊಲಿಗೆ ಹಾಕಿ, ತಿರುಚಿಕೊಳ್ಳದಂತೆ ನೋಡಿ ಜೋಡಿಸಿ. ಇಲ್ಲಿ ಪುಸ್ತಕ ಮುಚ್ಚಿರಲಿ. ತಿರುಚಿಕೊಂಡು ಜೋಡಿಸಿದರೆ ಕೊನೆಗೆ ಬಿಚ್ಚುವುದೊಂದೇ ದಾರಿ. ಜೋಡಿಸಿದ ಜಾಗಕ್ಕೆ ಒಂದು ಸ್ಟಿಚ್ ಮಾರ್ಕರ್ ಹಾಕಿ. ಮಾರ್ಕರ್ ಇಲ್ಲದಿದ್ದರೆ ಬೇರೆ ಬಣ್ಣದ ನೂಲಿನ ಸಣ್ಣ ಉಂಗುರ ಮಾಡಿ ಸಿಕ್ಕಿಸಿದರೂ ಆಯಿತು. 5 ಸೆಂ.ಮೀ. ರಿಬ್ ಮುಗಿಸಿ.

ಈಗ ಪುಸ್ತಕ ತೆರೆಯಬಹುದು. ಮುಂದಿನ 10 ಸೆಂ.ಮೀ. ಬರೀ ಸೀದಾ, ಸುಮಾರು 30 ಸುತ್ತು. ಅಂದರೆ 3,360 ಹೊಲಿಗೆ. ನಿಮಿಷಕ್ಕೆ 25 ಹೊಲಿಗೆಯ ನಿಧಾನದ ಕೈಗೆ ಇದು ಎರಡೂಕಾಲು ಗಂಟೆಯ ಕೆಲಸ. ಎರಡೂಕಾಲು ಗಂಟೆಯ ಓದು ಎಂದೂ ಹೇಳಬಹುದು. ಸುತ್ತು ಎಣಿಸುವ ಅಗತ್ಯವಿಲ್ಲ, ಸ್ಕೇಲ್ ಇಟ್ಟು ಅಳತೆ ನೋಡಿದರೆ ಸಾಕು.

10 ಸೆಂ.ಮೀ. ಆದ ತಕ್ಷಣ ಪುಸ್ತಕ ಕೆಳಗಿಡಿ. ನೆತ್ತಿ ಕಿರಿದು ಮಾಡುವುದಕ್ಕೆ ಕಣ್ಣು ಬೇಕು. 12 ಹೊಲಿಗೆ ಸೀದಾ, ಎರಡನ್ನು ಸೇರಿಸಿ ಒಂದು, ಹೀಗೆ ಸುತ್ತಿಗೆ 8 ಸಲ. ಪ್ರತಿ ಭಾಗದಲ್ಲಿ 8 ಹೊಲಿಗೆ ಉಳಿಯುವ ತನಕ ಒಂದು ಸುತ್ತು ಬಿಟ್ಟು ಒಂದು ಸುತ್ತು ಕಡಿಮೆ ಮಾಡಿ. ಆಮೇಲೆ ಪ್ರತಿ ಸುತ್ತಿನಲ್ಲೂ ಕಡಿಮೆ ಮಾಡುತ್ತಾ ಹೋಗಿ. ಹೊಲಿಗೆ ಕಡಿಮೆಯಾದಂತೆ 40 ಸೆಂ.ಮೀ. ಕಡ್ಡಿಗೆ ಎಟುಕದೆ ಎಳೆಯತೊಡಗುತ್ತದೆ. ಆಗ ಎರಡೂ ತುದಿ ಚೂಪಾಗಿರುವ ಸಣ್ಣ ಕಡ್ಡಿಗಳಿಗೆ ಬದಲಾಯಿಸಿ. ಒಟ್ಟು 16 ಹೊಲಿಗೆ ಉಳಿದಾಗ ನೂಲು ಕತ್ತರಿಸಿ, ಎಲ್ಲದರೊಳಗೂ ದಾರ ಪೋಣಿಸಿ ಬಿಗಿದು ಗಂಟು ಹಾಕಿ.

ಒಂದು ಟೋಪಿ ನೆತ್ತಿಯ ಹಂತದಲ್ಲಿದ್ದಾಗಲೇ ಇನ್ನೊಂದರ ರಿಬ್ ಮುಗಿಸಿಟ್ಟುಕೊಳ್ಳುವುದು ಜಾಣತನ. ಓದುವ ಮನಸ್ಸು ಬಂದಾಗ ಕಣ್ಣು ಬೇಡದ ಹೆಣಿಗೆ ಸಿದ್ಧವಾಗಿರುತ್ತದೆ.

ನಾಲ್ಕನೇ ಹೆಜ್ಜೆ: ಪುಸ್ತಕವನ್ನು ನಿಲ್ಲಿಸುವುದು

ಹಳೆಯ ಮನೆಗಳಲ್ಲಿ ವ್ಯಾಸಪೀಠ ಇರುತ್ತದೆ, ಪಾರಾಯಣಕ್ಕೆ ಪುಸ್ತಕ ಇಡುವ ಮಡಚುವ ಮರದ ಪೀಠ. ಅಟ್ಟದಲ್ಲಿದ್ದರೆ ಇಳಿಸಿ ಒರೆಸಿಟ್ಟುಕೊಳ್ಳಿ. ನೆಲದ ಮೇಲೋ ಮಂಚದ ಮೇಲೋ ಚಕ್ಕಳ ಮಕ್ಕಳ ಹಾಕಿ ಕೂರುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಕುರ್ಚಿಯಲ್ಲಿ ಕೂರುವವರು ಮೇಜಿನ ಮೇಲೆ ಅಡುಗೆ ಪುಸ್ತಕ ಇಡುವ ಸ್ಟ್ಯಾಂಡ್ ಬಳಸಬಹುದು. ಪುಟ ಹಾರದಂತೆ ತಡೆಯಲು, ಉದ್ದನೆಯ ಕಿರಿದಾದ ಬಟ್ಟೆ ಚೀಲ ಹೊಲಿದು ಒಳಗೆ ರಾಗಿ ತುಂಬಿ ಪುಟಗಳ ಮೇಲೆ ಅಡ್ಡ ಹಾಕಿ.

ಅಂಟು ಬೈಂಡಿಂಗಿನ ಪುಸ್ತಕವನ್ನು ಒತ್ತಿ ಬಗ್ಗಿಸಬೇಡಿ. ಕನ್ನಡದ ಪೇಪರ್‌ಬ್ಯಾಕ್‌ಗಳಲ್ಲಿ ಇದು ಸಾಮಾನ್ಯ, ನಾಲ್ಕು ಸಲ ಒತ್ತಿದರೆ ಹಾಳೆ ಕೈಗೇ ಬರುತ್ತದೆ. ಅಂಥ ಪುಸ್ತಕವನ್ನು ಸುಮ್ನೆ ಕೈಯಲ್ಲಿ ಹಿಡಿದೇ ಓದಿ. ಹೊಲಿಗೆ ಬೈಂಡಿಂಗ್ ಇರುವುದು ತಾನಾಗಿಯೇ ಅಗಲವಾಗಿ ತೆರೆದುಕೊಳ್ಳುತ್ತದೆ.

ಟ್ಯಾಬ್ ಅಥವಾ ಫೋನಿನಲ್ಲಿ ಓದುವವರಿಗೆ ಈ ಕಷ್ಟ ಇಲ್ಲ. ಅಕ್ಷರ ದೊಡ್ಡದು ಮಾಡಿಕೊಳ್ಳಿ, ಸ್ಕ್ರೀನ್ ಆರಿಹೋಗುವ ಸಮಯವನ್ನು ಹೆಚ್ಚಿಸಿ. ಎಷ್ಟೋ ಓದುವ ಆ್ಯಪ್‌ಗಳಲ್ಲಿ ವಾಲ್ಯೂಮ್ ಬಟನ್ನಿನಿಂದ ಪುಟ ತಿರುಗಿಸುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ.

ಪುಟ ತಿರುಗಿಸುವುದು ಯಾವಾಗಲೂ ಸಾಲಿನ ಕೊನೆಯಲ್ಲೇ ಇರಲಿ, ಟೋಪಿಯಾದರೆ ಮಾರ್ಕರ್ ಬಂದಾಗ. ಸಾಲಿನ ನಡುವೆ ಕೈ ಬಿಟ್ಟರೆ ಹೊಲಿಗೆ ಜಾರುವುದು ಆಗಲೇ.

ಕನ್ನಡಕದವರಿಗೆ ಒಂದು ಮಾತು. ಪ್ರೋಗ್ರೆಸಿವ್ ಲೆನ್ಸಿನಲ್ಲಿ ಓದುವ ಪವರ್ ಇರುವುದು ಗಾಜಿನ ಕೆಳಭಾಗದಲ್ಲಿ. ಪುಸ್ತಕವನ್ನು ಮುಖದ ಎತ್ತರಕ್ಕೆ ನಿಲ್ಲಿಸಿದರೆ ಅಕ್ಷರ ಮಂಜಾಗುತ್ತದೆ, ಗಲ್ಲ ಎತ್ತಿ ಎತ್ತಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಪುಸ್ತಕ ತಗ್ಗಿನಲ್ಲಿರಲಿ, ಕೈಯಲ್ಲಿರುವ ಹೆಣಿಗೆಯ ಹಿಂದೆಯೇ, ಹೆಚ್ಚು ಕಡಿಮೆ ಅಷ್ಟೇ ದೂರದಲ್ಲಿ.

ಐದನೇ ಹೆಜ್ಜೆ: ಕಿವಿಯಿಂದ ಓದುವುದು

ಕೇಬಲ್, ಲೇಸ್, ಕ್ರೋಶಾ ಇದ್ದಾಗ ಕಣ್ಣು ಸಿಗುವುದಿಲ್ಲ. ಆಗ ಕಿವಿ ಇದೆ. ಕೇಳಿದ್ದು ಓದಿದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಚರ್ಚೆ ನನಗೆ ಅರ್ಥವೇ ಆಗುವುದಿಲ್ಲ. ನಮ್ಮಲ್ಲಿ ಭಾರತ ರಾಮಾಯಣ ಹೆಚ್ಚು ಜನರಿಗೆ ತಲುಪಿದ್ದೇ ಕಿವಿಯಿಂದ.

ಅದಕ್ಕೇ ನಾನು ಮೊದಲು ಹೇಳುವುದು ಗಮಕ. ಒಬ್ಬರು ಪದ್ಯವನ್ನು ರಾಗವಾಗಿ ವಾಚನ ಮಾಡುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ವ್ಯಾಖ್ಯಾನ ಮಾಡುತ್ತಾರೆ. ಪದ್ಯ ಕೇಳುವಾಗ ಕೈ ನಿಂತರೂ ವ್ಯಾಖ್ಯಾನದ ಹೊತ್ತಿಗೆ ಮತ್ತೆ ನಡೆಯುತ್ತದೆ. ಕವಿತೆ ಬೇಡ ಎಂದ ನನ್ನ ಹಟ ಇಲ್ಲಿ ಸಡಿಲವಾಗುವುದು ಈ ಕಾರಣಕ್ಕೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕಾಗಿಯೇ. ಯೂಟ್ಯೂಬಿನಲ್ಲಿ ಗಮಕದ ಧ್ವನಿಮುದ್ರಣಗಳು ಬೇಕಾದಷ್ಟು ಸಿಗುತ್ತವೆ. ಒಂದು ಸಂಧಿ, ಅಂದರೆ ಕಾವ್ಯದ ಒಂದು ಅಧ್ಯಾಯ, ಹಿಡಿದು ಕೂತರೆ ಸ್ವೆಟರಿನ ಬೆನ್ನು ಅರ್ಧ ಆಗಿರುತ್ತದೆ.

ಹೊಸ ಬರಹಕ್ಕೆ ಆಡಿಯೊ ಪುಸ್ತಕಗಳಿವೆ. ಮೈಲ್ಯಾಂಗ್ ಆ್ಯಪ್‌ನಲ್ಲಿ ಕನ್ನಡದ ಇ-ಪುಸ್ತಕ, ಆಡಿಯೊ ಪುಸ್ತಕ ಎರಡೂ ಸಿಗುತ್ತವೆ. ಸ್ಟೋರಿಟೆಲ್‌ನಲ್ಲೂ ಕನ್ನಡದ ಪುಸ್ತಕಗಳಿವೆ. ಕೊಳ್ಳುವ ಮುಂಚೆ ಸ್ಯಾಂಪಲ್ ಕೇಳಿ. ಓದುವವರ ದನಿ ಹಿಡಿಸದಿದ್ದರೆ ಎಂಥ ಕಥೆಯೂ ರುಚಿಸುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ 'ಸೆಲೆಕ್ಟ್ ಟು ಸ್ಪೀಕ್' ಆನ್ ಮಾಡಿ ಕನ್ನಡದ ಧ್ವನಿ ಹಾಕಿಕೊಂಡರೆ ಯುನಿಕೋಡ್ ಬರಹವನ್ನು ಫೋನೇ ಓದಿ ಹೇಳುತ್ತದೆ. ಯಂತ್ರದ ದನಿ ಲೇಖನಕ್ಕೆ ಪರವಾಗಿಲ್ಲ, ಕಥೆಗೆ ಸಪ್ಪೆ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದ ಮೇಲೆ ಇದನ್ನು ನಂಬಿಕೊಳ್ಳಬೇಡಿ.

ಕೇಳುವಾಗ ಎಣಿಸಬೇಡಿ. ಕಿವಿಯಲ್ಲಿ ಮಾತು ಬೀಳುತ್ತಿರುವಾಗ ತಲೆಯಲ್ಲಿ ಅಂಕಿ ನಿಲ್ಲುವುದಿಲ್ಲ. ಸಾಲು ಎಣಿಸಲು ರೋ ಕೌಂಟರ್ ಇಟ್ಟುಕೊಳ್ಳಿ ಅಥವಾ ಹಾಳೆಯ ಮೇಲೆ ಗೀಟು ಹಾಕಿ. ಹೊಲಿಗೆಗಳನ್ನು ಎಣಿಸಲೇಬೇಕಾದಾಗ ಆಡಿಯೊ ನಿಲ್ಲಿಸಿ.

ವಿದೇಶದಲ್ಲಿ ಮೊಮ್ಮಕ್ಕಳಿರುವ ಅಜ್ಜಿಯರಿಗೆ ಇನ್ನೊಂದು ದಾರಿ ಇದೆ. ವಾರಾಂತ್ಯದ ವಿಡಿಯೊ ಕಾಲ್‌ನಲ್ಲಿ 'ಊಟ ಆಯ್ತಾ, ಸ್ಕೂಲು ಹೇಗಿದೆ' ಎರಡೇ ನಿಮಿಷಕ್ಕೆ ಮುಗಿದುಹೋಗುತ್ತದೆ. ಆಮೇಲೆ ಮಗು ಕನ್ನಡದ ಪುಸ್ತಕ ಓದಲಿ, ನೀವು ಹೆಣೆಯುತ್ತಾ ಕೇಳಿ. ಕನ್ನಡ ಶಾಲೆಗೆ ಹೋಗುವ ಮಗುವಿಗೆ ಓದು ಪಳಗುತ್ತದೆ. ತಪ್ಪು ಓದಿದಾಗ 'ಪುಟ್ಟಾ, ಇನ್ನೊಂದ್ಸಲ ಓದು' ಎಂದರೆ ಸಾಕು, ಪಾಠ ಮಾಡಲು ಹೋಗಬೇಡಿ.

ಆರನೇ ಹೆಜ್ಜೆ: ಬೇರೆ ಬೇರೆ ಹೊತ್ತು

ಎಲ್ಲವನ್ನೂ ಜೊತೆಗೇ ಮಾಡಬೇಕಿಲ್ಲ. ಲೇಸಿಗೆ, ಕಪ್ಪು ಅಥವಾ ಕಡು ನೀಲಿ ಉಲ್ಲನ್ನಿಗೆ ಬೆಳಗಿನ ಬೆಳಕು ಬೇಕು. ರಾತ್ರಿ ಟ್ಯೂಬ್‌ಲೈಟಿನಲ್ಲಿ ಕಪ್ಪು ಹೊಲಿಗೆ ಹುಡುಕುವುದು ಕಣ್ಣಿಗೆ ಶಿಕ್ಷೆ. ಕಷ್ಟದ ಪುಸ್ತಕಕ್ಕೂ ತಲೆ ತಾಜಾ ಇರುವ ಹೊತ್ತು ಬೇಕು. ಆದ್ದರಿಂದ ಒಂದು ದಿನದ ಬೆಳಗು ಅದಕ್ಕೆ, ಒಂದು ದಿನದ್ದು ಇದಕ್ಕೆ. ಸಂಜೆಗೆ ಜೋಡಿ ಕೆಲಸ. ಮಲಗುವ ಮುಂಚೆ ಪುಸ್ತಕ ಮಾತ್ರ, ಹಾಸಿಗೆಯಲ್ಲಿ ಕಡ್ಡಿ ಬೇಡ.

ರೈಲು, ಬಸ್ಸಿಗೆ ಸರ್ಕ್ಯುಲರ್ ಕಡ್ಡಿಯೇ ಸರಿ. ಉದ್ದ ಕಡ್ಡಿಯ ತುದಿ ಪಕ್ಕದವರ ಪಕ್ಕೆಗೆ ಚುಚ್ಚುತ್ತದೆ.

ಏಳನೇ ಹೆಜ್ಜೆ: ಎಲ್ಲಿಗೆ ನಿಂತಿತು ಎಂಬ ಗುರುತು

ಎರಡಕ್ಕೂ ಒಂದೇ ಸಣ್ಣ ನೋಟ್‌ಬುಕ್ ಇಡಿ. 'ಪುಟ 84, ತೋಳು 31ನೇ ಸಾಲು' ಎಂದು ಬರೆದರೆ ಸಾಕು. ಉಲ್ಲನ್ ಉಂಡೆಗೆ ಸುತ್ತಿರುವ ಕಾಗದದ ಪಟ್ಟಿಯನ್ನು ಎಸೆಯಬೇಡಿ, ಪುಸ್ತಕಕ್ಕೆ ಗುರುತಾಗಿ ಇಡಿ. ಅದರ ಮೇಲೆ ಶೇಡ್ ನಂಬರು, ಲಾಟ್ ನಂಬರು (ಒಂದೇ ಸಲ ಬಣ್ಣ ಹಾಕಿದ ನೂಲಿನ ಗುರುತು) ಇರುತ್ತದೆ. ನೂಲು ಸಾಲದೆ ಬಂದಾಗ ಅದೇ ಲಾಟ್ ಸಿಗದಿದ್ದರೆ ಬಣ್ಣದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಲೈಬ್ರರಿ ಪುಸ್ತಕವಾದರೆ ಮಾತ್ರ ವಾಪಸ್ ಕೊಡುವ ಮುಂಚೆ ಪಟ್ಟಿ ತೆಗೆದುಕೊಳ್ಳಿ.

ಲೇಸ್ ಹೆಣೆಯುವವರು ಪ್ರತಿ ಡಿಸೈನ್ ಮುಗಿದಾಗ ಬೇರೆ ಬಣ್ಣದ ತೆಳು ದಾರವನ್ನು ಎಲ್ಲ ಹೊಲಿಗೆಗಳೊಳಗೂ ಪೋಣಿಸಿ ಬಿಡಲಿ. ಕಥೆಯಲ್ಲಿ ಮುಳುಗಿ ತಪ್ಪಿದರೂ ಬಿಚ್ಚುವುದು ಆ ದಾರದ ತನಕ ಮಾತ್ರ.

ಎಂಟನೇ ಹೆಜ್ಜೆ: ದುಡ್ಡು, ಜಾಗ

ಬೆಂಗಳೂರಿನವರಿಗೆ ಒಂದು ಅಪಾಯ ಇದೆ. ಅವೆನ್ಯೂ ರಸ್ತೆಯ ಹಳೆ ಪುಸ್ತಕ ಮತ್ತು ಚಿಕ್ಕಪೇಟೆಯ ಗಲ್ಲಿಗಳ ನೂಲು ಒಂದೇ ಸುತ್ತಿನಲ್ಲಿ ಸಿಗುತ್ತವೆ. ಒಂದು ಸಲ ಹೋದರೆ ಒಂದನ್ನೇ ಕೊಳ್ಳಿ. ಪುಸ್ತಕದ ದಿನ ಚಿಕ್ಕಪೇಟೆಗೆ ತಿರುಗಬೇಡಿ.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಎರಡಕ್ಕೂ ಶತ್ರು ತೇವವೇ. ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಬಿಗಿದಿಟ್ಟರೆ ಪುಸ್ತಕಕ್ಕೆ ಬೂಷ್ಟು, ಉಲ್ಲನ್ನಿಗೆ ಮುಗ್ಗಲು ವಾಸನೆ. ಬಟ್ಟೆ ಚೀಲ ಬಳಸಿ, ಬಿಸಿಲು ಬಿದ್ದ ದಿನ ಕಪಾಟಿನ ಬಾಗಿಲು ತೆರೆದಿಡಿ. ನಮ್ಮ ಅಂಗಡಿಗಳಲ್ಲಿ ಸಿಗುವ ಅಗ್ಗದ ಉಂಡೆಗಳು ಬಹುಪಾಲು ಅಕ್ರಿಲಿಕ್, ಅದನ್ನು ನುಸಿ ತಿನ್ನುವುದಿಲ್ಲ. ಅಪ್ಪಟ ಉಣ್ಣೆಯದನ್ನು ಮಾತ್ರ ಬೇರೆ ಇಡಿ.

ಒಂಬತ್ತನೇ ಹೆಜ್ಜೆ: ಮೈ ಮಾತು ಕೇಳುವುದು

ಒಳ್ಳೆಯ ಕಥೆ, ಸುಲಭದ ಹೆಣಿಗೆ ಎರಡೂ ಸೇರಿದರೆ ಎರಡು ಗಂಟೆ ಅಲುಗಾಡದೆ ಕೂತುಬಿಡುತ್ತೇವೆ. 20 ನಿಮಿಷಕ್ಕೊಮ್ಮೆ ತಲೆ ಎತ್ತಿ 20 ಸೆಕೆಂಡು ಕಿಟಕಿಯಾಚೆ ದೂರಕ್ಕೆ ನೋಡಿ. ಅಧ್ಯಾಯ ಮುಗಿದಾಗ ಎದ್ದು ನೀರು ಕುಡಿಯಿರಿ, ಮಣಿಕಟ್ಟು ತಿರುಗಿಸಿ. ಹೆಬ್ಬೆರಳ ಬುಡ ನೋಯುತ್ತಿದ್ದರೆ, ಬೆರಳು ಜೋಮು ಹಿಡಿಯುತ್ತಿದ್ದರೆ ಆ ವಾರ ಓದು ಮಾತ್ರ. ನೋವು ಬಿಡದಿದ್ದರೆ ಡಾಕ್ಟರಿಗೆ ತೋರಿಸಿ.

ಕೊನೆಯದು: ಜೊತೆ ಸಿಕ್ಕರೆ

ಕ್ಯೂಬಾದ ಹವಾನಾದಲ್ಲಿ 1865ರಿಂದ ಚುಟ್ಟಾ ಕಾರ್ಖಾನೆಗಳಲ್ಲಿ ಒಂದು ಪದ್ಧತಿ ಬಂತು. ಕೆಲಸಗಾರರು ಚುಟ್ಟಾ ಸುತ್ತುತ್ತಿರುವಾಗ ಒಬ್ಬರು ಎತ್ತರದ ಪೀಠದಲ್ಲಿ ಕೂತು ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದುತ್ತಿದ್ದರು. ಓದುವವರ ಸಂಬಳವನ್ನು ಕೆಲಸಗಾರರೇ ಕೂಡಿಸಿ ಕೊಡುತ್ತಿದ್ದರು. ಅಪಾರ್ಟ್‌ಮೆಂಟಿನಲ್ಲೋ ಬೀದಿಯಲ್ಲೋ ಹೆಣೆಯುವ ನಾಲ್ಕೈದು ಜನ ಇದ್ದರೆ ನೀವೂ ಹೀಗೆ ಮಾಡಬಹುದು. ತಿಂಗಳಿಗೊಂದು ಮಧ್ಯಾಹ್ನ, ಒಂದು ಕಥೆ. ಸಣ್ಣಕಥೆಯೇ ಇರಲಿ, ಕಾದಂಬರಿ ಹಿಡಿದರೆ ಒಬ್ಬರು ತಪ್ಪಿಸಿಕೊಂಡ ತಿಂಗಳು ಅವರಿಗೆ ಕಥೆ ಕೈಬಿಡುತ್ತದೆ. ಓದುವವರು ಸರದಿಯಂತೆ ಬದಲಾಗಲಿ. ಓದುವವರ ಕೈಗೆ ಆ ದಿನ ಕಡ್ಡಿ ಇಲ್ಲ, ಆದ್ದರಿಂದ ಅವರ ಒಂದೆರಡು ಸಾಲನ್ನು ಪಕ್ಕದವರು ಹೆಣೆದುಕೊಡಬಹುದು. ಆದರೆ ಒಬ್ಬೊಬ್ಬರ ಕೈಯ ಬಿಗಿ ಒಂದೊಂದು ಥರ. ಹಾಗೆ ಬೇರೆಯವರ ಕೈಗೆ ಕೊಡುವುದಿದ್ದರೆ ಮಫ್ಲರ್ ಕೊಡಿ, ಸ್ವೆಟರ್ ಕೊಡಬೇಡಿ.